ಪ್ರಶ್ನೋತ್ತರ: ಕ್ಯೂರಿಂಗ್ ಲೈಟ್ ಉರಿದರೆ ಸಾಕಾ?

ಚಿತ್ರದುರ್ಗದ ಸದಸ್ಯ: ಮೇಡಂ, ನಮಸ್ಕಾರ. ಎರಡು ವರ್ಷದ ಹಿಂದೆ ಹಲ್ಲಿನ ಕ್ಲಿನಿಕ್ ಶುರು ಮಾಡಿದೆ. ಫಿಲ್ಲಿಂಗ್ ಗಟ್ಟಿ ಮಾಡುವ ಕ್ಯೂರಿಂಗ್ ಲೈಟ್ ಹಳೆಯದು, ಸೀನಿಯರ್ ಒಬ್ಬರು ಕೊಟ್ಟದ್ದು. ಆರು ತಿಂಗಳಿಂದ ದವಡೆ ಹಲ್ಲಿನ ಫಿಲ್ಲಿಂಗ್‌ಗಳು ಕೆಟ್ಟು ವಾಪಸ್ ಬರುತ್ತಿವೆ, ಜಾಸ್ತಿ ಹಲ್ಲು ಸಂದಿಯವೇ. ಮೇಲೆ ಪ್ರೋಬ್ (ಪರೀಕ್ಷಿಸುವ ಚೂಪು ಕಡ್ಡಿ) ಹಾಕಿದರೆ ಗಟ್ಟಿ. ತೆಗೆದರೆ ಅಡಿಯಲ್ಲಿ ಮೆತ್ತಗೆ. ಬೆಳಕು ಮಾತ್ರ ಕಣ್ಣು ಕುಕ್ಕುವಷ್ಟಿದೆ.

ಮೇಡಂ: ಓದಿ ಕಳವಳವಾಯಿತು, ಉದ್ದವಾಗಿಯೇ ಬರೆಯುತ್ತೇನೆ. ಕಣ್ಣು ಕುಕ್ಕುವುದು ಲೆಕ್ಕಕ್ಕಿಲ್ಲ. ಅರ್ಧ ಶಕ್ತಿ ಹೋದ ಲೈಟೂ ಕಣ್ಣು ಕುಕ್ಕುತ್ತದೆ. ಹೆಚ್ಚಿನ ಕಾಂಪೋಸಿಟ್‌ಗಳಲ್ಲಿ, ಅಂದರೆ ನಾವು ತುಂಬುವ ಫಿಲ್ಲಿಂಗ್ ವಸ್ತುವಿನಲ್ಲಿ, ಬೆಳಕು ಬಿದ್ದಾಗ ಅದನ್ನು ಗಟ್ಟಿಯಾಗಿಸುವ ಕ್ಯಾಂಫರ್‌ಕ್ವಿನೋನ್ ಇರುತ್ತದೆ. ಅದಕ್ಕೆ ಬೇಕಾದದ್ದು 470 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು. ಮೇಲ್ಪದರಕ್ಕೆ ಅದು ಸುಲಭವಾಗಿ ಸಿಗುತ್ತದೆ. ಸಂದಿಯ ಗುಂಡಿಯ ತಳ ಲೈಟಿನ ತುದಿಯಿಂದ (ಟಿಪ್) 6-8 ಮಿಲಿಮೀಟರ್ ದೂರ ಇರಬಹುದು, ಅಲ್ಲಿಗೆ ಬೆಳಕು ತೀರಾ ಕಡಿಮೆಯಾಗುತ್ತದೆ. ನಿಮ್ಮ ಪ್ರೋಬ್ ಮುಟ್ಟಿದ್ದು ಮೇಲ್ಭಾಗ ಮಾತ್ರ.

ಮೊದಲು ಟಿಪ್ ನೋಡಿ. ಒಣಗಿದ ಕಾಂಪೋಸಿಟ್ ಅಂಟಿದ್ದರೆ ಗೀರಾಗದ ಹಾಗೆ ತೆಗೆಯಿರಿ. ಆಮೇಲೆ ಬೆಳಕಿನ ಶಕ್ತಿ ಅಳೆಯುವ ರೇಡಿಯೋಮೀಟರ್ ಹಿಡಿಯಿರಿ. ರೋಗಿಗೆ ಬಳಸುವ ಪ್ಲಾಸ್ಟಿಕ್ ಕವರ್ ಹಾಕಿಯೇ ಅಳೆಯಿರಿ, ಅದೂ ಬೆಳಕು ತಿನ್ನುತ್ತದೆ. ಚದರ ಸೆಂಟಿಮೀಟರಿಗೆ 400 ಮಿಲಿವ್ಯಾಟ್ ಬಂದರೆ 40 ಸೆಕೆಂಡಿಗೆ 16 ಜೂಲ್ ಶಕ್ತಿ ಸಿಗುತ್ತದೆ. 800 ಬಂದರೆ 20 ಸೆಕೆಂಡಿಗೇ ಅಷ್ಟು. 400ಕ್ಕಿಂತ ಕೆಳಗಿದ್ದರೆ ಆ ಲೈಟ್ ಮುಟ್ಟಬೇಡಿ. ಮಾಮೂಲಿ ಕಾಂಪೋಸಿಟ್ ಆದರೆ ಒಂದು ಸಲಕ್ಕೆ ತುಂಬುವ ಪದರ 2 ಮಿಲಿಮೀಟರ್ ಮೀರಬಾರದು.

ಇನ್ನೊಂದು ಪರೀಕ್ಷೆ ಇದೆ. ಲೋಹದ ಅಚ್ಚಿನಲ್ಲಿ ಕಾಂಪೋಸಿಟ್ ತುಂಬಿ ಮೇಲಿನಿಂದ ಕ್ಯೂರ್ ಮಾಡಿ. ಹೊರತೆಗೆದು ಅಡಿಯ ಮೆತ್ತಗಿನದನ್ನು ಪ್ಲಾಸ್ಟಿಕ್ ಸ್ಪ್ಯಾಚುಲಾದಿಂದ ಕೆರೆಯಿರಿ. ಉಳಿದ ಗಟ್ಟಿ ತುಂಡಿನ ಉದ್ದದ ಅರ್ಧವೇ ನಿಮ್ಮ ಕ್ಯೂರ್‌ನ ಆಳ. ಫಿಲ್ಲಿಂಗ್ ವಸ್ತುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 4049 ಹೇಳುವುದೂ ಇದನ್ನೇ. ಫಲಿತಾಂಶ ಇಲ್ಲೇ ಬರೆಯಿರಿ, ಕಾಯುತ್ತೇನೆ.

ದಾವಣಗೆರೆಯ ಸದಸ್ಯೆ: ಎಷ್ಟು ಸೆಕೆಂಡ್ ಹಿಡಿಯಬೇಕು ಮೇಡಂ?

ಮೇಡಂ: ಮೇಲೆ ಬರೆದಿದ್ದೇನೆ.

ಹುಬ್ಬಳ್ಳಿಯ ಸದಸ್ಯ: ಫಾರ್ವರ್ಡ್ ಬಂದಿದೆ. ಮೊಬೈಲ್ ಲಕ್ಸ್ ಆ್ಯಪ್‌ನಲ್ಲಿ ಅಳೆದರೆ ಸಾಕಂತೆ.

ಮೇಡಂ: ಸಾಲದು. ಲಕ್ಸ್ ಅಳೆಯುವುದು ಮನುಷ್ಯನ ಕಣ್ಣಿಗೆ ಕಾಣುವ ಹೊಳಪನ್ನು. ನಮ್ಮ ಕಣ್ಣು ಚುರುಕಾಗಿರುವುದು ಹಸಿರಿಗೆ, ಈ ನೀಲಿಗೆ ಅಲ್ಲ. ಇದನ್ನು ದಯವಿಟ್ಟು ಮುಂದೆ ಕಳಿಸಬೇಡಿ.

ತುಮಕೂರಿನ ಸದಸ್ಯೆ: ನಾನು ಡಾಕ್ಟರಲ್ಲ. ಅಮ್ಮನಿಗೆ ಫಿಲ್ಲಿಂಗ್ ಇದೆ. ನೀಲಿ ಬೆಳಕಿನಿಂದ ಕ್ಯಾನ್ಸರ್ ಅಂತ ಮೆಸೇಜ್ ಓಡಾಡುತ್ತಿದೆ.

ಮೇಡಂ: ಹೆದರಬೇಡಿ, ಅದು ಎಕ್ಸ್‌ರೇ ಅಲ್ಲ. ಬೆಳಕನ್ನು ನೇರ ನೋಡಬಾರದು, ಕಣ್ಣಿನ ಪರದೆಗೆ ಕೆಟ್ಟದ್ದು. ಕಿತ್ತಳೆ ಕನ್ನಡಕ ಕೇಳಿ.

ಮಂಗಳೂರಿನ ಸದಸ್ಯ: ನಮ್ಮದು ಹ್ಯಾಲೋಜನ್. ಬಲ್ಬ್ ಎಲ್ಲಿ ಸಿಗುತ್ತದೆ?

ಬೆಳಗಾವಿಯ ಸದಸ್ಯ: ಈ ಸಣ್ಣ ರೇಡಿಯೋಮೀಟರ್‌ಗಳೇ ಸುಳ್ಳು. ಒಂದು 700 ಅಂದರೆ ಇನ್ನೊಂದು 1000 ಅನ್ನುತ್ತದೆ. ಸುಮ್ನೆ ದುಡ್ಡು ದಂಡ.

ಹಾಸನದ ಸದಸ್ಯೆ: ಹಾಗಂತ ಅಳೆಯದೇ ಇರುವುದಾ? ರೋಗಿ ವಾಪಸ್ ಬಂದಾಗ ಏನು ಹೇಳುತ್ತೀರಿ?

ಬೆಳಗಾವಿಯ ಸದಸ್ಯ: ನೀವು ಮೀಟರ್ ಮಾರುತ್ತೀರಾ?

ಹಾಸನದ ಸದಸ್ಯೆ: ಹದಿನಾಲ್ಕು ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ ಸರ್. ಮಾತು ನೋಡಿ ಆಡಿ.

ಬೆಳಗಾವಿಯ ಸದಸ್ಯ: ನಾನು ಇಪ್ಪತ್ತು ವರ್ಷದಿಂದ. ಒಂದು ಫಿಲ್ಲಿಂಗೂ ಬಿದ್ದಿಲ್ಲ.

ಮೇಡಂ: ಬಿದ್ದವರು ಬೇರೆ ಡಾಕ್ಟರ ಹತ್ತಿರ ಹೋಗಿರುತ್ತಾರೆ. ಅಂಕಿ ಮೀಟರಿನಿಂದ ಮೀಟರಿಗೆ ಬದಲಾಗುವುದು ನಿಜ. ಅದಕ್ಕೇ ಒಂದೇ ಮೀಟರ್ ಇಟ್ಟುಕೊಳ್ಳಿ. ಲೈಟ್ ಹೊಸದಾಗಿದ್ದಾಗ ಎಷ್ಟಿತ್ತು ಅಂತ ಬರೆದಿಡಿ, ವಾರಕ್ಕೊಮ್ಮೆ ಹೋಲಿಸಿ. ಇಳಿದರೆ ಗೊತ್ತಾಗುತ್ತದೆ. ಜಗಳ ಇಲ್ಲಿಗೆ ನಿಲ್ಲಿಸಿ.

ದಾವಣಗೆರೆಯ ಸದಸ್ಯೆ: 60 ಸೆಕೆಂಡ್ ಹಿಡಿದರೆ ಎಲ್ಲ ಸರಿಹೋಗುತ್ತದೆ ಅಂತ ಇನ್ನೊಂದು ಗ್ರೂಪಿನಲ್ಲಿ ಹಾಕಿದ್ದಾರೆ.

ಮೇಡಂ: ಜೋರಾದ ಲೈಟ್ ಅಷ್ಟು ಹೊತ್ತು ಹಿಡಿದರೆ ಹಲ್ಲಿನ ಒಳಗಿನ ನರ ಬಿಸಿಯಾಗುತ್ತದೆ. ಮೊದಲು ಅಳೆಯಿರಿ. ಇನ್ನು ಸೆಕೆಂಡಿನ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಮಂಗಳೂರಿನ ಸದಸ್ಯ: ಬಲ್ಬ್ ಮೇಡಂ?

ಚಿತ್ರದುರ್ಗದ ಸದಸ್ಯ: ಗೆಳೆಯನ ಮೀಟರ್ ತಂದು ಅಳೆದೆ. ಕವರ್ ಹಾಕಿ 240. ಟಿಪ್ ಸ್ವಚ್ಛ ಮಾಡಿದ ಮೇಲೆ 310.

ಮೇಡಂ: ಆ ಲೈಟ್ ಇವತ್ತೇ ಬದಿಗಿಡಿ. ಆರು ತಿಂಗಳಲ್ಲಿ ಸಂದಿ ಫಿಲ್ಲಿಂಗ್ ಎಷ್ಟು ಜನಕ್ಕೆ ಮಾಡಿದ್ದೀರಿ?

ಚಿತ್ರದುರ್ಗದ ಸದಸ್ಯ: ಕೇಸ್ ಶೀಟ್ ಎಣಿಸಿದೆ. 41.

ಮೇಡಂ: ನಾಳೆಯಿಂದ ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆಸಿ. ದುಡ್ಡು ತಗೊಳ್ಳಬೇಡಿ.