1912ರ ಟೈಟಾನಿಕ್ ಪುಸ್ತಕ: 18,000 ರೂಪಾಯಿ ಕೊಡಬಹುದೇ?

ಗಾಂಧಿಬಜಾರಿನ ಓದುಗ

ಎಲ್ಲರಿಗೂ ನಮಸ್ಕಾರ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಟೈಟಾನಿಕ್ ಹಡಗಿನ ದುರಂತವನ್ನು ಕುರಿತ ಇಂಗ್ಲಿಷ್ ಪುಸ್ತಕವೊಂದು ಕಣ್ಣಿಗೆ ಬಿತ್ತು. ಲೋಗನ್ ಮಾರ್ಷಲ್ ಸಂಪಾದಿಸಿದ್ದು. ಶೀರ್ಷಿಕೆ ಪುಟದ ಹಿಂಬದಿಯಲ್ಲಿ 1912 ಎಂದು ಅಚ್ಚಾಗಿದೆ. ಕೆಂಪು ಬಟ್ಟೆಯ ರಟ್ಟಿನ ಮೇಲೆ ಹಡಗಿನ ಚಿತ್ರ ಅಂಟಿಸಿದ್ದಾರೆ, ಬೆನ್ನಿನ ಮೇಲ್ತುದಿಯಲ್ಲಿ ಬಟ್ಟೆ ಕಿತ್ತು ನೂಲು ಹೊರಬಂದಿದೆ. ಮೊದಲ ಖಾಲಿ ಹಾಳೆಯಲ್ಲಿ ಯಾರೋ ಶಾಯಿಯಲ್ಲಿ ತಮ್ಮ ಹೆಸರು ಬರೆದು, ಕೆಳಗೆ ‘ಬ್ಯಾಂಗಲೋರ್ ಕಂಟೋನ್ಮೆಂಟ್, 1913’ ಎಂದು ಸೇರಿಸಿದ್ದಾರೆ.

ಇದು ಮೊದಲ ಮುದ್ರಣ, ಇಂಥ ಪ್ರತಿ ದೇಶದಲ್ಲೇ ಇನ್ನೊಂದಿಲ್ಲ ಎಂದು ಹೇಳಿ ಅಂಗಡಿಯವರು 18,000 ರೂಪಾಯಿ ಕೇಳುತ್ತಿದ್ದಾರೆ, ಚೌಕಾಸಿಗೆ ಜಗ್ಗುತ್ತಿಲ್ಲ. ನನಗೆ ಹಡಗುಗಳ ಇತಿಹಾಸದಲ್ಲಿ ಆಸಕ್ತಿಯಿದೆಯೇ ಹೊರತು ಹಳೆಯ ಪುಸ್ತಕಗಳ ವ್ಯಾಪಾರದ ಒಳಹೊರಗು ತಿಳಿಯದು. ಈ ಬೆಲೆ ನ್ಯಾಯವೇ? ಮೊದಲ ಮುದ್ರಣವೇ ಎಂದು ಗುರುತಿಸುವುದು ಹೇಗೆ? ಹಾಳೆಗಳು ಕಂದುಗಟ್ಟಿ, ಮೂಲೆ ಮಡಿಸಿದರೆ ಹಪ್ಪಳದಂತೆ ಮುರಿಯುವ ಸ್ಥಿತಿಯಲ್ಲಿವೆ. ತಿಳಿದವರು ದಯವಿಟ್ಟು ಹೇಳಬೇಕು.

ಹಳೇ ರಟ್ಟು

ಸರ್, ಈ ಬೆಲೆಗೆ ಖಂಡಿತ ಕೊಳ್ಳಬೇಡಿ. ಹಡಗು ಮುಳುಗಿದ್ದು 1912ರ ಏಪ್ರಿಲ್ 15ರ ನಸುಕಿನಲ್ಲಿ. ಸುಮಾರು 1,500 ಜನ ಸತ್ತ ಆ ಸುದ್ದಿಯ ಬಿಸಿ ಆರುವ ಮೊದಲೇ ಅಮೆರಿಕದ ಕೆಲವು ಪ್ರಕಾಶಕರು ಪತ್ರಿಕಾ ವರದಿ, ಬದುಕುಳಿದವರ ಹೇಳಿಕೆ, ಕೈಗೆ ಸಿಕ್ಕ ಛಾಯಾಚಿತ್ರ ಎಲ್ಲವನ್ನೂ ಒಟ್ಟುಗೂಡಿಸಿ ದಪ್ಪ ಪುಸ್ತಕಗಳನ್ನು ಹೊರತಂದು, ಏಜೆಂಟರ ಮೂಲಕ ಮನೆಮನೆಗೆ ಮಾರಿದರು. ಮಾರ್ಷಲ್ ಹೆಸರಿನ ಪುಸ್ತಕ ಅಂಥವುಗಳಲ್ಲಿ ಒಂದು. ದೊಡ್ಡ ಸಂಖ್ಯೆಯಲ್ಲಿ ಅಚ್ಚಾದ ಕಾರಣ ಸಾಧಾರಣ ಸ್ಥಿತಿಯ ಪ್ರತಿಗಳು ಅಮೆರಿಕದ ಮಾರಾಟಗಾರರ ಬಳಿ ಇಂದಿಗೂ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತವೆ. ‘ದೇಶದಲ್ಲೇ ಇನ್ನೊಂದಿಲ್ಲ’ ಎನ್ನುವ ಮಾತನ್ನು ಅವೆನ್ಯೂ ರಸ್ತೆಯಲ್ಲಿ ಕೇಳದವರು ಯಾರಿದ್ದಾರೆ!

1912 ಎಂಬುದು ಕೃತಿಸ್ವಾಮ್ಯದ ವರ್ಷ. ಮತ್ತೆ ಮತ್ತೆ ಮುದ್ರಿಸಿದಾಗಲೂ ಆ ಸಾಲು ಹಾಗೆಯೇ ಉಳಿಯುತ್ತದೆ. ಸಾಲದ್ದಕ್ಕೆ ಒಂದೇ ಪಠ್ಯ ಬೇರೆ ಬೇರೆ ರಟ್ಟಿನಲ್ಲಿ, ಬೇರೆ ಬೇರೆ ಪ್ರಕಾಶಕರ ಹೆಸರಿನಲ್ಲಿ ಬಂದದ್ದೂ ಉಂಟು. ಆದ್ದರಿಂದ ಮುದ್ರಣ ಯಾವುದೆಂದು ತಲೆಕೆಡಿಸಿಕೊಳ್ಳುವ ಬದಲು ಪ್ರತಿ ಪೂರ್ಣವಾಗಿದೆಯೇ ನೋಡಿ. ಮುಂಭಾಗದಲ್ಲಿರುವ ಚಿತ್ರಗಳ ಪಟ್ಟಿಯನ್ನು ಹಿಡಿದು, ನುಣುಪು ಕಾಗದದಲ್ಲಿ ಅಚ್ಚಾದ ಒಂದೊಂದು ಚಿತ್ರಪುಟವನ್ನೂ ತಾಳೆ ಹಾಕಿ. ಚೌಕಟ್ಟು ಹಾಕಿಸಿ ಮಾರುವ ಆಸೆಗೆ ಜನ ಮೊದಲು ಕೀಳುವುದು ಶೀರ್ಷಿಕೆ ಪುಟದ ಎದುರಿನ ಮುಖಚಿತ್ರವನ್ನು.

ನಿಜಕ್ಕೂ ಅಪರೂಪವಾದದ್ದು ಆ ಏಜೆಂಟರು ಹೊತ್ತು ತಿರುಗುತ್ತಿದ್ದ ಮಾದರಿ ಪ್ರತಿ: ಒಳಗೆ ಆಯ್ದ ಪುಟಗಳಷ್ಟೇ, ರಟ್ಟಿನ ಒಳಬದಿಯಲ್ಲಿ ಬಗೆಬಗೆಯ ಬೈಂಡಿಂಗಿನ ತುಣುಕು, ಕೊನೆಯಲ್ಲಿ ಗಿರಾಕಿಗಳ ಹೆಸರು ಬರೆದುಕೊಳ್ಳಲು ಗೆರೆ ಹಾಕಿದ ಹಾಳೆಗಳು. ಅದು ಸಿಕ್ಕರೆ ನನಗೂ ತಿಳಿಸಿ.

ಹಣ ಹೂಡಲೇಬೇಕೆಂದಿದ್ದರೆ, ಹಡಗಿನಲ್ಲಿದ್ದು ಬದುಕಿ ಬಂದವರೇ ಬರೆದ ಪುಸ್ತಕಗಳ ಮೊದಲ ಮುದ್ರಣಕ್ಕೆ ಕಾಯಿರಿ. ಎರಡನೇ ದರ್ಜೆಯ ಪ್ರಯಾಣಿಕರಾಗಿದ್ದ ವಿಜ್ಞಾನದ ಅಧ್ಯಾಪಕ ಲಾರೆನ್ಸ್ ಬೀಸ್ಲಿಯವರ ಪುಸ್ತಕ 1912ರಲ್ಲೇ ಬಂತು. ಕರ್ನಲ್ ಆರ್ಚಿಬಾಲ್ಡ್ ಗ್ರೇಸಿಯವರದು 1913ರಲ್ಲಿ. ಅದು ಅಚ್ಚಾಗಿ ಬರುವ ವೇಳೆಗೆ ಅವರು ತೀರಿಕೊಂಡಿದ್ದರು. ಸಂಗ್ರಾಹಕರು ಮುಗಿಬೀಳುವುದು ಇಂಥವಕ್ಕೆ.

ಮಲ್ಲೇಶ್ವರದ ಮೇಷ್ಟ್ರು

ಬೆಲೆಯ ವಿಷಯದಲ್ಲಿ ಮೇಲಿನವರ ಮಾತು ಸರಿ. ಆದರೆ ಮಾರ್ಷಲ್ ಪುಸ್ತಕವನ್ನು ತರಾತುರಿಯ ಸರಕು ಎಂದು ಬದಿಗೆ ಸರಿಸುವುದನ್ನು ನಾನು ಒಪ್ಪಲಾರೆ. ಈ ಬಗೆಯ ಪುಸ್ತಕಗಳಲ್ಲಿ ಸುಳ್ಳುಪೊಳ್ಳು ಧಾರಾಳವಾಗಿದೆ, ನಿಜ. ಕ್ಯಾಪ್ಟನ್ ಸ್ಮಿತ್ ಮಗುವೊಂದನ್ನು ದೋಣಿಗೆ ತಲುಪಿಸಿ ತಾವು ಮುಳುಗಿದರೆಂಬಂಥ ಕಥೆಗಳು ಇವುಗಳ ಮೂಲಕವೇ ಮನೆಮನೆ ಸೇರಿದವು. ಆದರೆ ವಿಚಾರಣೆಗಳು ಮುಗಿದು ಅಧಿಕೃತ ತೀರ್ಮಾನ ಗಟ್ಟಿಯಾಗುವ ಮೊದಲು ಜನ ಏನು ಮಾತಾಡಿಕೊಳ್ಳುತ್ತಿದ್ದರು ಎಂಬುದು ಇವುಗಳಲ್ಲಿ ಉಳಿದಿದೆ.

ಒಂದು ಉದಾಹರಣೆ ಕೊಡುತ್ತೇನೆ. ಆಗ 17 ವರ್ಷದವನಾಗಿದ್ದ ಜ್ಯಾಕ್ ಥೇಯರ್ ಮಗುಚಿದ ದೋಣಿಯ ಮೇಲೇರಿ ಬದುಕಿಕೊಂಡವನು. ಹಡಗು ಮುಳುಗಿದ ಬಗೆಯನ್ನು ಅವನು ವಿವರಿಸಿದಂತೆ, ರಕ್ಷಣೆಗೆ ಬಂದ ಕಾರ್ಪೇಥಿಯಾ ಹಡಗಿನಲ್ಲಿದ್ದ ಸ್ಕಿಡ್‌ಮೋರ್ ಎಂಬ ಪ್ರಯಾಣಿಕ ರೇಖಾಚಿತ್ರಗಳಾಗಿ ಬರೆದ. ಅವುಗಳಲ್ಲಿ ಹಡಗು ಎರಡು ತುಂಡಾಗುತ್ತದೆ. ಮಾರ್ಷಲ್ ಪುಸ್ತಕದಲ್ಲಿ ಆ ಚಿತ್ರಗಳಿವೆ. ಹಲವರು ಹಡಗು ಮುರಿದದ್ದನ್ನು ಕಂಡೆವೆಂದು ಸಾಕ್ಷಿ ನುಡಿದರೂ, ಲಾರ್ಡ್ ಮರ್ಸಿಯವರ ನೇತೃತ್ವದ ಬ್ರಿಟಿಷ್ ವಿಚಾರಣೆ ಅದನ್ನು ಒಪ್ಪದೆ ಹಡಗು ಇಡಿಯಾಗಿಯೇ ಮುಳುಗಿತೆಂಬ ನಿಲುವಿಗೆ ಬಂತು. 1985ರ ಸೆಪ್ಟೆಂಬರಿನಲ್ಲಿ ರಾಬರ್ಟ್ ಬ್ಯಾಲಾರ್ಡ್ ಮತ್ತು ಜ್ಯಾಂ ಲೂಯಿ ಮಿಶೆಲ್ ಅವರ ತಂಡ ಅವಶೇಷವನ್ನು ಪತ್ತೆಹಚ್ಚಿದಾಗ ಮುಂಭಾಗ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ ಬಿದ್ದಿದ್ದವು. ಚಿತ್ರಗಳ ವಿವರದಲ್ಲಿ ತಪ್ಪುಗಳಿದ್ದರೂ ಮುಖ್ಯ ಸಂಗತಿಯಲ್ಲಿ ಹುಡುಗನ ಮಾತೇ ನಿಂತಿತು. ನಿಮ್ಮ ಪ್ರತಿಯಲ್ಲಿ ಆ ಪುಟ ಉಳಿದಿದೆಯೇ ಎಂದು ಮೊದಲು ನೋಡಿ. ನನ್ನ ಮಟ್ಟಿಗೆ ಮುಖಚಿತ್ರಕ್ಕಿಂತ ಅದರ ತೂಕ ಹೆಚ್ಚು.

ಕಂಟೋನ್ಮೆಂಟಿನ ಬರಹವನ್ನೂ ಕಡೆಗಣಿಸಬೇಡಿ. ಆ ಹಡಗಿನಲ್ಲಿ ನಮ್ಮ ದೇಶದಿಂದ ಹೊರಟವರೂ ಇದ್ದರು. ಗುಂಟೂರಿನಲ್ಲಿದ್ದ ಮಿಷನರಿ ಕುಟುಂಬದ ನೆಲ್ಲಿ ಬೆಕರ್, ಕಾಯಿಲೆಯ ಮಗುವಿನ ಚಿಕಿತ್ಸೆಗಾಗಿ ಮೂವರು ಮಕ್ಕಳೊಂದಿಗೆ ಅಮೆರಿಕಕ್ಕೆ ಹೊರಟಿದ್ದರು, ನಾಲ್ವರೂ ಬದುಕುಳಿದರು. ಇಂದಿನ ಛತ್ತೀಸ್‌ಗಢದ ಜಾಂಜ್‌ಗೀರಿನಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸುತ್ತಿದ್ದ ಆ್ಯನಿ ಫಂಕ್ ಕಾಯಿಲೆ ಬಿದ್ದ ತಾಯಿಯನ್ನು ನೋಡಲು ಹೊರಟವರು. ಇಂಗ್ಲೆಂಡಿನ ಕಲ್ಲಿದ್ದಲು ಮುಷ್ಕರದಿಂದಾಗಿ ಅವರ ಹಡಗು ಹೊರಡದೆ ಟೈಟಾನಿಕ್ ಹತ್ತಿ, ನೀರುಪಾಲಾದರು. 1913ರಲ್ಲಿ ಕಂಟೋನ್ಮೆಂಟಿನ ಯಾರೋ ಈ ಪುಸ್ತಕ ತರಿಸಿಕೊಂಡು ಓದಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಕಾಗದದ ಕೆಲಸ

ಹಾಳೆಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಇಂಥ ಅಗ್ಗದ ಪುಸ್ತಕಗಳಿಗೆ ಬಳಸುತ್ತಿದ್ದದ್ದು ಮರದ ತಿರುಳಿನ ಕಾಗದ. ಅದರಲ್ಲಿರುವ ಆಮ್ಲವೇ ಕಾಲಕ್ರಮೇಣ ಹಾಳೆಯನ್ನು ತಿನ್ನುತ್ತದೆ. ಬಂದ ಬಣ್ಣವನ್ನು ಮನೆಯಲ್ಲಿ ತೆಗೆಯಲಾಗದು. ಸೆಲ್ಲೋ ಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪುಸ್ತಕವನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಒತ್ತಿದರೆ ಸಡಿಲವಾಗಿರುವ ಬೆನ್ನು ಕಿತ್ತುಬರುತ್ತದೆ. ಎರಡೂ ಬದಿಗೆ ದಿಂಬು ಕೊಟ್ಟು ಅರ್ಧವಷ್ಟೇ ತೆರೆಯಿರಿ. ಮಳೆಗಾಲದ ತೇವಕ್ಕೆ ನುಣುಪು ಕಾಗದದ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಎಳೆಯಬೇಡಿ, ಚಿತ್ರದ ಮೇಲ್ಪದರವೇ ಎದ್ದುಬರುತ್ತದೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಇನ್‌ಟ್ಯಾಕ್‌ನ ಕಲಾಸಂರಕ್ಷಣಾ ಕೇಂದ್ರವಿದೆ, ಅಲ್ಲಿ ವಿಚಾರಿಸಬಹುದು. ಆದರೆ ದುರಸ್ತಿಯ ಖರ್ಚು ಪುಸ್ತಕದ ಬೆಲೆಯನ್ನು ಮೀರಬಹುದು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಚೌಕಾಸಿ ಮಾಡಿ.

ಗಾಂಧಿಬಜಾರಿನ ಓದುಗ

ಎಲ್ಲರಿಗೂ ಧನ್ಯವಾದ. ಚಿತ್ರಗಳ ಪಟ್ಟಿ ಹಿಡಿದು ಅಂಗಡಿಯಲ್ಲೇ ತಾಳೆ ನೋಡಿದೆ. ಮುಖಚಿತ್ರವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದಾರೆ, ಹೊಲಿಗೆಯ ಪಕ್ಕದಲ್ಲಿ ಅದರ ಅಂಚು ಮಾತ್ರ ಉಳಿದಿದೆ. ಮೇಷ್ಟ್ರು ಹೇಳಿದ ಥೇಯರ್ ರೇಖಾಚಿತ್ರಗಳ ಪುಟ ಸುರಕ್ಷಿತವಾಗಿದೆ. ಮುಖಚಿತ್ರವಿಲ್ಲದ್ದನ್ನು ತೋರಿಸಿದ ಮೇಲೆ ಅಂಗಡಿಯವರು 9,000ಕ್ಕೆ ಇಳಿದರು. ನಾನು 4,000ಕ್ಕಿಂತ ಹೆಚ್ಚು ಕೊಡಲಾರೆ ಎಂದು ಹೇಳಿ ಬಂದಿದ್ದೇನೆ.

ಹಳೇ ರಟ್ಟು

ಮುಖಚಿತ್ರ ಹೋದ ಪ್ರತಿಗೆ ಅದೂ ಜಾಸ್ತಿಯೇ. ಆದರೂ ಆ ರೇಖಾಚಿತ್ರಗಳು ಮತ್ತು ಕಂಟೋನ್ಮೆಂಟಿನ ಬರಹಕ್ಕಾಗಿ ಕೊಳ್ಳುವುದಾದರೆ 4,000ಕ್ಕೆ ನಿಂತುಬಿಡಿ, ಮೇಲೆ ಹೋಗಬೇಡಿ. ಅವರೇ ಕರೆಯುತ್ತಾರೆ.