‘ಸಾರ್ವಜನಿಕ ಧನಸಹಾಯ’ ಮತ್ತು ‘ಬಿಕ್ಕಟ್ಟಿನ ಆರೈಕೆ’: ಮನವಿಯೊಂದರಲ್ಲಿ ಸಿಕ್ಕಿಕೊಂಡ ಪದಗಳು

ಮಾನ್ಯರೇ,

ಮನಸ್ಸಿನ ತೀವ್ರ ತೊಂದರೆಗೆ ಸಿಲುಕಿದ ಮಕ್ಕಳನ್ನು ಕೆಲವು ದಿನ ಇರಿಸಿಕೊಂಡು ನೋಡಿಕೊಳ್ಳುವ ಪ್ರತ್ಯೇಕ ವ್ಯವಸ್ಥೆಯೊಂದನ್ನು ಶಿವಮೊಗ್ಗ ಜಿಲ್ಲೆಯಲ್ಲಿ ಸರ್ಕಾರವೇ ಮಾಡಬೇಕೆಂದು ಕೋರುವ ಮನವಿಯ ಕನ್ನಡ ಕರಡನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೂಲ ಟಿಪ್ಪಣಿ ವೈದ್ಯರೊಬ್ಬರು ಇಂಗ್ಲಿಷಿನಲ್ಲಿ ಬರೆದದ್ದು. ಅದರ ತಲೆಬರಹದಲ್ಲಿರುವ ‘ಪಬ್ಲಿಕ್ ಫಂಡಿಂಗ್’ ಮತ್ತು ‘ಕ್ರೈಸಿಸ್ ಕೇರ್’ ಎಂಬ ಎರಡು ಮಾತುಗಳನ್ನು ದಾಟಲು ನನಗೆ ಇನ್ನೂ ಆಗಿಲ್ಲ.

ಮೊದಲ ಕರಡಿನಲ್ಲಿ ‘ಸಾರ್ವಜನಿಕ ಧನಸಹಾಯ’ ಎಂದು ಬರೆದಿದ್ದೆ. ಹೊಸನಗರದ ಕಡೆಯ ನಿವೃತ್ತ ಮೇಷ್ಟರೊಬ್ಬರಿಗೆ ಓದಲು ಕೊಟ್ಟಾಗ ಅವರು ಕೊನೆಯವರೆಗೂ ಓದಿ, “ರಸೀದಿ ಪುಸ್ತಕ ಯಾರ ಹೆಸರಲ್ಲಿ ಮಾಡ್ಸಿದೀರಿ?” ಎಂದು ಕೇಳಿದರು. ತಪ್ಪು ಅವರದಲ್ಲ. ನಮ್ಮ ಊರುಗಳಲ್ಲಿ ‘ಸಾರ್ವಜನಿಕ’ ಎಂದೊಡನೆ ನೆನಪಾಗುವುದು ಗಣೇಶೋತ್ಸವ, ಅಂದರೆ ಮನೆಮನೆಗೆ ಹೋಗಿ ವಂತಿಗೆ ಎತ್ತಿ ನಡೆಸುವ ಕಾರ್ಯ. ಇಂಗ್ಲಿಷಿನ ಮಾತು ಬೊಕ್ಕಸದ ಕಡೆಗೆ ಕೈ ತೋರಿಸಿದರೆ ನನ್ನ ಕನ್ನಡ ಊರವರ ಜೇಬಿನ ಕಡೆಗೆ ತೋರಿಸುತ್ತಿತ್ತು.

‘ಸಹಾಯಧನ’ ಎನ್ನೋಣವೆಂದರೆ ಅದು ಅಡಿಕೆ ತೋಟದವರಿಗೆ ಬಹಳ ಪರಿಚಿತ ಪದ. ಹನಿ ನೀರಾವರಿಗೆ ಸಹಾಯಧನ ಎಂದರೆ ಉಳಿದ ಪಾಲನ್ನು ರೈತ ಹಾಕಬೇಕೆಂಬುದು ಅದರೊಳಗೇ ಅಡಗಿದೆ. ‘ಅನುದಾನ’ ಕಚೇರಿಗಳಲ್ಲಿ ನೆಲೆಯೂರಿರುವ ಪದ, ನಿಜ. ಆದರೆ ಅನುದಾನಿತ ಶಾಲೆಯೆಂದರೆ ಬೇರೆಯವರು ಕಟ್ಟಿ ನಡೆಸುವ ಶಾಲೆಗೆ ಸರ್ಕಾರ ಹಣ ಕೊಡುತ್ತದೆ ಎಂದಷ್ಟೇ ಅರ್ಥ. ಮೇಲಾಗಿ ಅದರ ಹೊಟ್ಟೆಯಲ್ಲಿರುವ ‘ದಾನ’ ನನಗೆ ಕಿರಿಕಿರಿ ಮಾಡುತ್ತದೆ. ವ್ಯುತ್ಪತ್ತಿಯನ್ನು ಇಷ್ಟು ಹಿಂಜಬಾರದು ಎಂದು ಕೆಲವರು ಹೇಳಬಹುದು. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೆಯ ಪ್ರಕರಣವು (ಸೆಕ್ಷನ್), ಸರ್ಕಾರ ತಾನೇ ನಡೆಸುವ ಅಥವಾ ಸರ್ಕಾರದ ಹಣದಿಂದ ನಡೆಯುವ ಸೇವೆಗಳಿಂದ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ, ಮಕ್ಕಳ ಮಾನಸಿಕ ಆರೋಗ್ಯ ಸೇವೆಯನ್ನು ಆ ಪಟ್ಟಿಯಲ್ಲಿ ಹೆಸರಿಟ್ಟು ಸೇರಿಸುತ್ತದೆ, ಜಿಲ್ಲೆಯಲ್ಲಿ ಅಗತ್ಯ ಸರ್ಕಾರಿ ಸೇವೆ ಇಲ್ಲದಿದ್ದರೆ ಅಲ್ಲಿಯೇ ಬೇರೆಡೆ ಪಡೆದ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸಬೇಕೆಂದೂ ಹೇಳುತ್ತದೆ. ಹಕ್ಕಿನ ಮಾತಿರುವಲ್ಲಿ ದಾನದ ಪದ ಬೇಡ. ಹಾಗಾಗಿ ನಾಮಪದದ ಹಂಬಲವನ್ನೇ ಬಿಟ್ಟು ‘ಸರ್ಕಾರದ ವೆಚ್ಚದಲ್ಲಿ’ ಎಂದು ಬರೆಯುವುದು ಲೇಸೆಂದು ನನಗೆ ತೋರಿದೆ.

‘ಕ್ರೈಸಿಸ್’ ಇಷ್ಟು ಸುಲಭಕ್ಕೆ ಬಗ್ಗುತ್ತಿಲ್ಲ. ಪತ್ರಿಕೆಗಳಲ್ಲಿ ಬಿಕ್ಕಟ್ಟು ಬರುವುದು ಸರ್ಕಾರಗಳಿಗೆ, ಬ್ಯಾಂಕುಗಳಿಗೆ, ಗಡಿಗಳಿಗೆ. ಹದಿಮೂರು ವರ್ಷದ ಹುಡುಗಿಗೆ ಬಿಕ್ಕಟ್ಟು ಬಂದಿದೆ ಎಂದು ಯಾವ ತಾಯಿಯೂ ಹೇಳುವುದಿಲ್ಲ. ‘ತುರ್ತು’ ಎಲ್ಲ ಆಸ್ಪತ್ರೆಗಳ ಫಲಕದಲ್ಲಿದೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋದವರಿಗೆಲ್ಲ ಗೊತ್ತು. ತೊಡಕೇನೆಂದರೆ, ಇದೇ ಕಾಯ್ದೆಯ 94ನೆಯ ಪ್ರಕರಣದ ‘ತುರ್ತು ಚಿಕಿತ್ಸೆ’ಗೆ ಬೇರೆಯೇ ಅರ್ಥವಿದೆ: ಅದನ್ನು ನೋಂದಾಯಿತ ವೈದ್ಯರು ಯಾರೇ ಆದರೂ ಕೊಡಬಹುದು, ಅದರ ಮಿತಿ 72 ಗಂಟೆ. (ಈಶಾನ್ಯದ ಮತ್ತು ಗುಡ್ಡಗಾಡಿನ ಕೆಲವು ರಾಜ್ಯಗಳಿಗೆ ಓಡಾಟದ ಕಷ್ಟವನ್ನು ಮನಗಂಡು 120 ಗಂಟೆ ಕೊಟ್ಟಿದ್ದಾರೆ, ನಮ್ಮ ಘಟ್ಟ ಆ ಲೆಕ್ಕಕ್ಕೆ ಸೇರಿಲ್ಲ.) ನಾವು ಕೇಳುತ್ತಿರುವುದು ಆ ಮೊದಲ ಗಂಟೆಗಳನ್ನಷ್ಟೇ ಅಲ್ಲ, ಅದರ ನಂತರದ ವಾರವನ್ನೂ. ಎರಡಕ್ಕೂ ಒಂದೇ ಪದವಾದರೆ ಕಡತ ನೋಡುವವರು ಈಗಾಗಲೇ ಇರುವ ವ್ಯವಸ್ಥೆ ಸಾಕೆಂದು ಷರಾ ಬರೆದು ಮುಗಿಸುವ ಅಪಾಯವಿದೆ.

ಜನ ಏನನ್ನುತ್ತಾರೆ ಎಂದು ಕಿವಿಗೊಟ್ಟರೆ ಸಿಗುವುದು ಹೆಚ್ಚಾಗಿ ಕ್ರಿಯಾಪದಗಳು: “ಮಾಣಿ ಕೈಗೆ ಸಿಗ್ತಾ ಇಲ್ಲ”, “ಕೂಸು ಮಾತು ಬಿಟ್ಟಿದೆ”, “ಊಟ ನಿದ್ದೆ ಎರಡೂ ಇಲ್ಲ”, “ಏನೋ ಗಾಳಿ ಸೋಕಿರಬೇಕು”. ಇವುಗಳಿಂದ ‘ಕೈಮೀರಿದ ಸ್ಥಿತಿ’ ಎಂಬುದನ್ನು ಹೆಕ್ಕಿ ಸಂತೋಷಪಟ್ಟಿದ್ದೆ. ಆಮೇಲೆ ನೆನಪಾಯಿತು, ವೈದ್ಯರು ‘ಕೈಮೀರಿದೆ’ ಎಂದರೆ ಮನೆಗೆ ಕರೆದುಕೊಂಡು ಹೋಗಿ ಎಂದರ್ಥ. ‘ಸಂಕಟ’ವೆಂದರೆ ಹೊಟ್ಟೆ ತೊಳಸುವುದೂ ಸಂಕಟವೇ, ಆದರೂ ‘ತೀವ್ರ ಮನೋಸಂಕಟ’ ಎಂದರೆ ಓದುಗರಿಗೆ ಅರ್ಥವಾಗುತ್ತದೆ, ಮಗುವಿನ ಮೇಲೆ ಹಣೆಪಟ್ಟಿಯನ್ನೂ ಹಚ್ಚುವುದಿಲ್ಲ. ಸದ್ಯಕ್ಕೆ ನನ್ನ ಒಲವು ಅದರ ಕಡೆಗೆ.

‘ಆರೈಕೆ’ಯ ಬಗ್ಗೆ ನನಗೆ ತಕರಾರಿಲ್ಲ. ಮಾನಸಿಕ ಕಾಯಿಲೆಗೆ ಸಂಬಂಧಿಸಿದ 1912ರ ಕಾಯ್ದೆಯ ಹೆಸರಿನಲ್ಲಿ ಇದ್ದದ್ದು ಹುಚ್ಚು, 1987ರದ್ದರಲ್ಲಿ ಮಾನಸಿಕ ಆರೋಗ್ಯ. ಆರೈಕೆ ಹೆಸರಿಗೆ ಸೇರಿದ್ದು 2017ರಲ್ಲಿ. ಬಾಣಂತಿಯ ಆರೈಕೆಯನ್ನು ಕಂಡ ಮನೆಗಳಿಗೆ ಆ ಪದದ ಬಿಸಿ ಗೊತ್ತಿದೆ.

ಇನ್ನು ಅದೇ ಟಿಪ್ಪಣಿಯ ‘ಫೆಸಿಲಿಟಿ’. ‘ಸೌಲಭ್ಯ’ ಎಂದರೆ ಶೌಚಾಲಯ, ಕುಡಿಯುವ ನೀರು ನೆನಪಾಗುತ್ತವೆ. ‘ವೀಕ್ಷಣಾ ಕೇಂದ್ರ’ ಎಂದರೆ ಕಾನೂನಿನ ತೊಡಕಿಗೆ ಸಿಕ್ಕ ಮಕ್ಕಳನ್ನು ಇರಿಸುವ ವೀಕ್ಷಣಾಲಯದ ಜೊತೆ ಗೊಂದಲವಾಗುತ್ತದೆ. ‘ಗೃಹ’, ‘ಮಂದಿರ’ಗಳಲ್ಲಿ ಮಗುವನ್ನು ಬಿಟ್ಟು ಬರುವ ಧ್ವನಿಯಿದೆ; ಕಾಯ್ದೆಯ 87ನೆಯ ಪ್ರಕರಣವಾದರೋ ಅಪ್ರಾಪ್ತರನ್ನು ವಯಸ್ಕರಿಂದ ಬೇರೆಯಾಗಿ ಇರಿಸಬೇಕು, ಮನೆಯವರೋ ನೋಡಿಕೊಳ್ಳುವವರೋ ಉದ್ದಕ್ಕೂ ಜೊತೆಗಿರಬೇಕು ಎನ್ನುತ್ತದೆ. ‘ಘಟಕ’ ಒಣ ಪದವಾದರೂ ಇಂಥ ಅಪಾರ್ಥಗಳಿಲ್ಲ.

ಒಟ್ಟಿನಲ್ಲಿ ಈಗಿನ ತಲೆಬರಹ ಹೀಗಿದೆ: ‘ತೀವ್ರ ಮನೋಸಂಕಟದಲ್ಲಿರುವ ಮಕ್ಕಳಿಗಾಗಿ ಸರ್ಕಾರದ ವೆಚ್ಚದಲ್ಲಿ ಜಿಲ್ಲಾ ಆರೈಕೆ ಘಟಕವನ್ನು ಸ್ಥಾಪಿಸುವ ಕುರಿತು’. ‘ಮನೋಸಂಕಟ’ವೋ ‘ಮನಸ್ಸಂಕಟ’ವೋ ಎಂಬುದರಲ್ಲಿ ಸಂಧಿ ಬಲ್ಲವರ ತೀರ್ಪಿಗೆ ಬದ್ಧನಾಗಿದ್ದೇನೆ, ಅದು ಜಗಳಕ್ಕೆ ಎಡೆಮಾಡುವುದಾದರೆ ‘ಮನಸ್ಸಿನ ಸಂಕಟ’ ಎಂದು ಬಿಡಿಸಿ ಬರೆಯಲೂ ಸಿದ್ಧ. ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆ ಇಂಥ ಸ್ಥಿತಿಯನ್ನು ಒಂದೇ ನಾಮಪದದಲ್ಲಿ ಹೇಳುವ ರೂಢಿಯಿದ್ದರೆ, ಯಾರ ಬಾಯಲ್ಲಿ, ಯಾವ ಸಂದರ್ಭದಲ್ಲಿ ಕೇಳಿದಿರೆಂಬ ವಿವರದೊಡನೆ ದಯವಿಟ್ಟು ತಿಳಿಸಿ.