ಅಪ್‌ಡೇಟ್: ದುಬೈ ಫ್ಯಾಮಿಲಿ ವೀಸಾ ಆಯ್ತು

ಮದುವೆ ಸರ್ಟಿಫಿಕೇಟಿಗೆ ಅಪೊಸ್ಟಿಲ್ (ದಾಖಲೆ ಅಸಲಿ ಅಂತ ವಿದೇಶದಲ್ಲಿ ತೋರಿಸಲು ಹಾಕಿಸುವ ಒಂದೇ ಮುದ್ರೆ) ಇದ್ದರೂ ಹೆಂಡತಿಯ ವೀಸಾ ಅರ್ಜಿ ವಾಪಸ್ ಬಂತು ಅಂತ ಕೇಳಿದ್ದೆನಲ್ಲ, ಈಗ ಬಗೆಹರಿದಿದೆ. ‘ಅಪೊಸ್ಟಿಲ್ ಯುಎಇಯಲ್ಲಿ ನಡೆಯಲ್ಲ, ಅಟೆಸ್ಟೇಶನ್ನೇ ಬೇಕು’ ಅಂದವರ ಮಾತು ನೂರಕ್ಕೆ ನೂರು ನಿಜ.

ಅಟೆಸ್ಟೇಶನ್ ಅಂದರೆ ಒಂದಾದ ಮೇಲೊಂದು ಕಚೇರಿಯಿಂದ ದೃಢೀಕರಣದ ಮುದ್ರೆ ಹಾಕಿಸುವುದು: ಮೊದಲು ಕರ್ನಾಟಕದ ಗೃಹ ಇಲಾಖೆ, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಯುಎಇ ವಿದೇಶಾಂಗ ಸಚಿವಾಲಯ. ಈ ಸಾಲು ತಪ್ಪಿಸಬೇಡಿ. ಹಿಂದಿನ ಮುದ್ರೆ ಇಲ್ಲದೆ ಮುಂದಿನವರು ಮುಟ್ಟುವುದೇ ಇಲ್ಲ. ಅರಬ್ಬಿ ಅನುವಾದವನ್ನು ಎಲ್ಲ ಮುದ್ರೆ ಬಿದ್ದ ಮೇಲೇ ಮಾಡಿಸಿ.

ಬರೀ ಅನುವಾದ ಮಾಡಿಸಿ ಕೊಡಿ ಅಂದ ಸಲಹೆ ಕೆಲಸ ಮಾಡಲಿಲ್ಲ. ಕುಟುಂಬವನ್ನು ಕರೆಸಿಕೊಳ್ಳುವವರ ಸಂಬಳ ತಿಂಗಳಿಗೆ ಕನಿಷ್ಠ 4000 ದಿರ್ಹಮ್ ಇರಬೇಕು, ಮನೆ ಕಂಪನಿಯದ್ದಾದರೆ 3000. ಗೊತ್ತಿರದ ಸಂಗತಿಯೊಂದು: ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟಿನ ಮೇಲೆ ಮುದ್ರೆ ಹಾಕಲಾಗದು, ಹೊಸ ಪ್ರತಿ ತೆಗೆಸಬೇಕು. ಮಕ್ಕಳಿಗೆ 18 ತುಂಬಿಲ್ಲದಿದ್ದರೆ ವೀಸಾದ ಮೆಡಿಕಲ್ ಪರೀಕ್ಷೆ ಬೇಡ.